ಮಗಳು ಬಂದಾಗ ಮನೆಗೆ ಮೀನು ಬರಲಿಲ್ಲ

ಹಳದೀಪುರದ ನಮ್ಮ ಮನೆಯ ಮುಂದೆ ದಿನಾ ಬೆಳಿಗ್ಗೆ ಎಂಟೂವರೆಗೆ ಮೀನಿನವಳು ಕೂಗುತ್ತಾಳೆ. ಮೂವತ್ತು ವರ್ಷ ಕುಮಟೆಯ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ಕೂತು ಬಸ್ಸುಗಳ ಹೊತ್ತುಗೊತ್ತು ನೋಡಿದವನು ನಾನು. ಅವಳಷ್ಟು ಸಮಯಕ್ಕೆ ಸರಿಯಾಗಿ ಬರುವ ವಾಹನವನ್ನು ಸರ್ವಿಸಿನಲ್ಲಿ ಒಂದೂ ಕಂಡಿಲ್ಲ. ಅಂಥವಳನ್ನು ಕಳೆದ ಡಿಸೆಂಬರಿನಲ್ಲಿ ಹೆದ್ದಾರಿಯ ತಿರುವಿನಲ್ಲೇ ಅಡ್ಡಗಟ್ಟಿ, ಇನ್ನೊಂದು ತಿಂಗಳು ನಮ್ಮ ಮನೆ ಮುಂದೆ ಕೂಗತಕ್ಕದ್ದಲ್ಲ ಎಂದು ಆಜ್ಞೆ ಹೊರಡಿಸಿದೆ.

ಬುಟ್ಟಿ ಇಳಿಸದೆಯೇ ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಎಂತಾ ಆತ್ರಾ? ಸೂತಕನಾ?"

"ಸೂತಕ ಅಲ್ಲ ಮಾರಾಯ್ತಿ. ಮಗಳು ಬರ್ತಾಳೆ."

"ಮಗಳು ಬಂದ್ರೆ ಮೀನು ಜಾಸ್ತಿ ತಕಣೂದಪ್ಪ! ಬೇಡ ಹೇಳೂದು ಯಾವ ಊರಿನ ಪದ್ಧತಿ?"

"ಅವಳು ಮೀನು ತಿನ್ನೂದು ಬಿಟ್ಟಿದಾಳೆ."

ಈಗ ಬುಟ್ಟಿ ಕೆಳಗಿಳಿಯಿತು. ಹೊತ್ತುಕೊಂಡು ಕೇಳುವಂಥ ಸುದ್ದಿಯಲ್ಲ ಅದು. "ಬಾಣಂತಿಯರೂ ಬಿಡೂದಿಲ್ಲ, ಆ ಕೂಸಿಗೆ ಎಂತಾ ಬಂತು? ಡಾಕ್ಟರಿಗೆ ತೋರ್ಸಿದ್ರಾ?"

ಡಾಕ್ಟರಿಗೆ ತೋರಿಸುವಂಥ ಕಾಯಿಲೆಯಲ್ಲ ಎಂದೆ. ಆದರೆ ಆ ಕಾಯಿಲೆಯ ಬುಡ ಎಲ್ಲಿದೆ ಎಂದು ರಸ್ತೆಯಲ್ಲಿ ನಿಂತು ವಿವರಿಸಲಿಲ್ಲ. ಇಲ್ಲಿ ವಿವರಿಸುತ್ತೇನೆ.

ನಮ್ಮ ಒಬ್ಬಳೇ ಮಗಳು ಬಿ.ಎಡ್. ಮುಗಿಸಿ, ಎರಡು ವರ್ಷದ ಹಿಂದೆ, ಒಂದು ಆಶ್ರಮದವರ ಮಿಷನ್ನಿಗೆ ಸೇರಿ ಈಶಾನ್ಯದ ಬೆಟ್ಟಗಳಿಗೆ ಹೋದಳು. ಮಿಷನ್ ಎಂದರೆ ನಮ್ಮ ಕಡೆಯವರು ಮೊದಲು ಚರ್ಚನ್ನು ನೆನೆಯುತ್ತಾರೆ. ಇದು ಕಾವಿಯವರದು. ಬೆಟ್ಟದ ಹುಡುಗಿಯರಿಗೆ ಒಂದು ವಸತಿಶಾಲೆ, ಬೆಳಗಿನ ಜಾವ ಪ್ರಾರ್ಥನೆ, ಹಗಲು ಪಾಠ, ಸಂಜೆ ಮನೆಮನೆಗೆ ಹೋಗಿ ಔಷಧಿ ಕೊಡುವುದು, ಧರ್ಮದ ನಾಲ್ಕು ಮಾತು ಹೇಳುವುದು. ಮಗಳು ಗಣಿತ ಕಲಿಸುತ್ತಿದ್ದಳು. ಧರ್ಮದ ನಾಲ್ಕು ಮಾತನ್ನೂ ಹೇಳುತ್ತಿದ್ದಳಂತೆ. ನಮ್ಮ ಮನೆಯಲ್ಲಿ ಅವಳು ಹೇಳಿದ್ದನ್ನು ಯಾರೂ ಕೇಳದ್ದರಿಂದ ಅಷ್ಟು ದೂರ ಹೋಗಬೇಕಾಯಿತು ಎಂದು ನನ್ನ ಊಹೆ.

ಒಮ್ಮೆ ಫೋನಿನಲ್ಲಿ ಅವಳ ಆಯಿ, ಅಂದರೆ ನನ್ನ ಹೆಂಡತಿ, ಕೇಳಿದಳು, "ಅಲ್ಲಿ ಮೀನು ಕೊಡ್ತಾರ್ಯಾ?"

"ಇಲ್ಲಾ ಆಯಿ. ನಂಗೆ ಈಗ ಅದರ ನೆನಪೂ ಆಗೂದಿಲ್ಲ."

ಆ ಮಾತು ನನ್ನ ಹೆಂಡತಿಗೆ ದೊಡ್ಡ ಪೆಟ್ಟು. ಅವಳು ಕಾಗಾಲದವಳು. ಹೊಳೆಯ ನೀರು ಇಳಿದಾಗ ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ಕೆಸರಿನಲ್ಲಿ ಚಿಪ್ಪು ಹೆಕ್ಕುತ್ತ ಬೆಳೆದವಳು. ಮಗಳಿಗೆ ಮೊದಲ ತುತ್ತು ಅನ್ನದ ನಂತರದ ಎರಡನೇ ತುತ್ತೇ ಮೀನು. ಆ ಮಗಳು ನೆನಪೂ ಆಗುವುದಿಲ್ಲ ಎಂದರೆ ಅರ್ಥ ಸ್ಪಷ್ಟವಾಗಿತ್ತು: ಮಗಳು ನಮ್ಮ ಕೈಬಿಟ್ಟು ಹೊರಟಿದ್ದಾಳೆ. ಡಿಸೆಂಬರಿನಲ್ಲಿ ಅವಳು ಒಂದು ತಿಂಗಳ ರಜೆಗೆ ಬರುವ ಸುದ್ದಿ ಬಂದ ಕೂಡಲೇ ಇಬ್ಬರೇ ಸದಸ್ಯರ ಸಮಿತಿ ಸೇರಿ, ಮಗಳು ಬಂದು ಹೋಗುವವರೆಗೆ ಮನೆಯಲ್ಲಿ ಮೀನು ವರ್ಜ್ಯ ಎಂದು ಸರ್ವಾನುಮತದಿಂದ ನಿರ್ಣಯಿಸಿತು. ಮೀನಿನ ವಾಸನೆಗೆ ಅವಳು ಮೂಗು ಮುಚ್ಚಿಕೊಳ್ಳುವುದನ್ನು ನೋಡುವ ಶಕ್ತಿ ಇಬ್ಬರಿಗೂ ಇರಲಿಲ್ಲ.

ಒಣಮೀನಿನ ಡಬ್ಬ ಪಕ್ಕದ ಮನೆಯ ಅಟ್ಟಕ್ಕೆ ಗಡೀಪಾರಾಯಿತು. ಮೀನಿನ ಸಾರಿನ ಮಣ್ಣಿನ ಗಡಿಗೆ ತೆಂಗಿನ ಬುಡದಲ್ಲಿ ಬೋರಲು ಬಿತ್ತು. ಬೆಕ್ಕು ಮೂರನೆಯ ದಿನ ರಾಜೀನಾಮೆ ಕೊಟ್ಟು, ಡಬ್ಬ ಹೋದ ಮನೆಗೇ ಹೋಯಿತು.

ಮಗಳು ಮೂರು ರೈಲು ಬದಲಿಸಿ ಒಂದು ಸೋಮವಾರ ಕುಮಟೆ ಸ್ಟೇಷನ್ನಿನಲ್ಲಿ ಇಳಿದಳು. ಬಿಳಿ ಸೀರೆ, ಹೆಗಲಿಗೆ ಜೋಳಿಗೆಯಂಥ ಚೀಲ, ಕೆನ್ನೆಯ ಮೇಲೆ ಬೆಟ್ಟದ ಚಳಿ ಒಡೆದ ಗೆರೆಗಳು. ಪ್ಲಾಟ್‌ಫಾರ್ಮಿನಲ್ಲೇ ನಮ್ಮಿಬ್ಬರ ಕಾಲಿಗೆ ಬಿದ್ದಳು. ಹೋಗುವಾಗ ಈ ಅಭ್ಯಾಸ ಇರಲಿಲ್ಲ. ಮಗಳು ಆಶ್ರಮದ ಪಾಲಾದಳು ಎಂದುಕೊಂಡೆ.

ಎದ್ದವಳು ಆಯಿಯ ಸೊಂಟ ಹಿಡಿದು, "ನೀ ಎಷ್ಟು ದಪ್ಪ ಆಗಿದೆ!" ಎಂದು ಮುದ್ದಾಡಿದಳು. ಸ್ವಲ್ಪ ಧೈರ್ಯ ಬಂತು.

ಸೋಮವಾರ ನಮ್ಮಲ್ಲಿ ಹೇಗೂ ಮೀನಿಲ್ಲ. ಮಂಗಳವಾರ ಬಸಳೆ. ಬುಧವಾರ ತೊಂಡೆಕಾಯಿ. ಗುರುವಾರ ಹರಿವೆ. ಶುಕ್ರವಾರ ಮಗಳು ತಟ್ಟೆಯನ್ನು ನೋಡಿ, "ಇವತ್ತೂ ಮೀನಿಲ್ವಾ ಆಯಿ?" ಎಂದು ಮೆಲ್ಲಗೆ ಕೇಳಿದಳು.

"ಈಗ ನಮ್ಮಲ್ಲಿ ಹೀಗೇ," ಎಂದಳು ಹೆಂಡತಿ, ಮಹಾತ್ಯಾಗಿಯ ದನಿಯಲ್ಲಿ.

ಮಗಳು ಒಮ್ಮೆ ದೇವರ ಗೂಡಿನ ಕಡೆ ನೋಡಿ, ತಲೆಯಾಡಿಸಿ, ಊಟ ಮುಂದುವರಿಸಿದಳು. ಅದನ್ನು ನಾನು ಮೆಚ್ಚುಗೆ ಎಂದು ದಾಖಲಿಸಿಕೊಂಡೆ.

ಉಳಿದಂತೆ ಆ ದಿನಗಳು ಚೆನ್ನಾಗಿದ್ದವು. ಅದನ್ನು ಒಪ್ಪದಿದ್ದರೆ ಸುಳ್ಳಾಗುತ್ತದೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಅಂಗಳ ಗುಡಿಸಿ, ಏನೋ ಸ್ತೋತ್ರ ಹೇಳಿಕೊಂಡು ಚಹಾ ಇಡುತ್ತಿದ್ದಳು. ತನ್ನ ತಟ್ಟೆ ತಾನೇ ತೊಳೆಯುತ್ತಿದ್ದಳು. ಇದರಿಂದ ಆಯಿಗೆ ಅವಮಾನವಾಗಿ, ಎರಡು ದಿನ ತಟ್ಟೆ ಕಸಿಯುವ ಕದನ ನಡೆಯಿತು. ಮಧ್ಯಾಹ್ನ ಇಬ್ಬರೂ ತಲೆಗೆ ಎಣ್ಣೆ ಹಾಕಿಕೊಳ್ಳುತ್ತ ಹಿಂದಿನ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಸಂಜೆ ನನ್ನ ಪಾಳಿ. ಜಗಲಿಯಲ್ಲಿ ಕೂತು, ಹೆದ್ದಾರಿಯಲ್ಲಿ ಹೋಗುವ ಬಸ್ಸು ಯಾವ ಡಿಪೋದ್ದು ಎಂದು ಹಾರನ್ ಮೇಲೇ ಹೇಳುವ ಆಟ. ಚಿಕ್ಕವಳಿದ್ದಾಗ ನಾನೇ ಕಲಿಸಿದ್ದು. ಈಗ ಅವಳು ಹತ್ತರಲ್ಲಿ ಏಳು ತಪ್ಪುತ್ತಿದ್ದಳು.

"ಅಲ್ಲಿ ಬಸ್ಸೇ ಇಲ್ಲ ಅಪ್ಪಾ. ಒಂದು ಜೀಪು ಬರ್ತದೆ. ಬಂದ್ರೆ ಊರೇ ಹೊರಗೆ ಬಂದು ನಿಲ್ತದೆ."

"ವೇಳಾಪಟ್ಟಿ?"

"ಡ್ರೈವರಿಗೆ ಮನಸ್ಸು ಬಂದಾಗ."

ಅಂಥ ನಾಡಿನಲ್ಲಿ ನನ್ನ ರಕ್ತ ಹಂಚಿಕೊಂಡವಳು ಎರಡು ವರ್ಷ ಹೇಗೆ ಬದುಕಿದಳೋ!

ಶನಿವಾರ ಒಗೆಯಲೆಂದು ಹೆಂಡತಿ ಅವಳ ಚೀಲದಿಂದ ಬಟ್ಟೆ ತೆಗೆದಾಗ ಒಂದು ಕಾಗದ ಬಿತ್ತು. ಆಜೀವ ಸೇವಾವ್ರತದ ಅರ್ಜಿ. ಜೀವಮಾನವಿಡೀ ಮಿಷನ್ನಿಗೆ ತನ್ನನ್ನು ಒಪ್ಪಿಸಿಕೊಳ್ಳುತ್ತೇನೆ, ಮದುವೆ ಮನೆ ಎಂಬ ಬಂಧನವಿಲ್ಲ, ಹುಟ್ಟಿದ ಮನೆಗೆ ಇನ್ನು ಅತಿಥಿಯಂತೆ ಮಾತ್ರ ಬರುತ್ತೇನೆ ಎಂಬರ್ಥದ ಒಕ್ಕಣೆ. ಹೆಸರು, ಊರು, ತಂದೆ ತಾಯಿ ಎಲ್ಲ ಅವಳ ದುಂಡು ಅಕ್ಷರದಲ್ಲಿ ತುಂಬಿತ್ತು. ಸಹಿಯ ಜಾಗ ಮಾತ್ರ ಖಾಲಿ.

ಹೆಂಡತಿ ಅದನ್ನು ನನ್ನ ಕೈಗಿಟ್ಟು ಬಾವಿಕಟ್ಟೆಯ ಮೇಲೆ ಕೂತುಬಿಟ್ಟಳು. "ಹಾಕ್ತಾಳ್ಯಾ?"

"ಗೊತ್ತಿಲ್ಲ."

"ಕೇಳಿ ನೀವು."

"ನೀನೇ ಕೇಳು."

ಇಬ್ಬರೂ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ ಎಂಬ ಹೆದರಿಕೆ. ಕಾಗದ ಮಡಿಕೆ ತಪ್ಪದಂತೆ ಚೀಲಕ್ಕೆ ವಾಪಸಾಯಿತು. ಅವಳು ಹೊರಡಲು ಇನ್ನು ಮೂರು ವಾರವಿತ್ತು. ಆಮೇಲೆ ಅವಳು ಪೆನ್ನು ಮುಟ್ಟಿದಾಗಲೆಲ್ಲ ನಾವಿಬ್ಬರೂ ಬಾಗಿಲ ಹತ್ತಿರ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದೆವು. ಒಮ್ಮೆ ಅವಳು ದಿನಸಿ ಚೀಟಿ ಬರೆದು ಮುಗಿಸುವಷ್ಟರಲ್ಲಿ ನಾನು ಒಂದೇ ಕಿಟಕಿಯನ್ನು ಮೂರು ಸಲ ಒರೆಸಿದ್ದೆ.

ಹೀಗಿರುವಾಗ ಭಟ್ಕಳದ ಹತ್ತಿರದ ತೆಂಗಿನಗುಂಡಿಯಿಂದ ನನ್ನ ಅಕ್ಕನ ಫೋನು. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು, ಎರಡು ದೋಣಿಯ ಮನೆಯ ಯಜಮಾನ್ತಿ. ಸೊಸೆ, ಮಗಳು, ಪಂಚಾಯತಿ ಮೆಂಬರು ಯಾರನ್ನೂ ಅವಳು ಬೇರೆ ಬೇರೆ ದನಿಯಲ್ಲಿ ಮಾತಾಡಿಸಿದ್ದಿಲ್ಲ.

"ಕೂಸು ಬಂದು ಎಂಟು ದಿನ ಆತು. ಅತ್ತೆ ಸತ್ತಿದಾಳೆ ಅಂತ ಮಾಡಿದ್ರ್ಯಾ?"

"ಬರ್ತೇವೆ ಅಕ್ಕ. ಆದ್ರೆ ಮೀನು ಮಾಡೂಕೆ ಬೇಡ. ಅವಳು ಬಿಟ್ಟಿದಾಳೆ."

"ಆತು ಆತು."

ಅಕ್ಕನ ಬಾಯಲ್ಲಿ ಆ ಮಾತಿಗೆ, ನೀನು ಹೇಳಿದ್ದು ಕಿವಿಗೆ ಬಿತ್ತು ಎಂದಷ್ಟೇ ಅರ್ಥ, ಒಪ್ಪಿದೆ ಎಂದಲ್ಲ. ಅರವತ್ತು ವರ್ಷದ ಅನುಭವವಿದ್ದೂ ನಾನು ಮರೆತೆ.

ಗುರುವಾರ ಮೂವರೂ ಬಸ್ಸು ಹತ್ತಿದೆವು. ಹೊನ್ನಾವರದ ಸೇತುವೆ ಬಂದಾಗ ಮಗಳು ಕಿಟಕಿಯಿಂದ ಮುಖ ಹೊರಹಾಕಿ, ಹೊಳೆ ಸಮುದ್ರ ಸೇರುವಲ್ಲಿನ ಗಾಳಿಯನ್ನು ಕಣ್ಣುಮುಚ್ಚಿ ಎಳೆದುಕೊಂಡಳು. ಸಾವಿರ ಸಲ ನಾನು "ಹೊನ್ನಾವರ, ಭಟ್ಕಳ" ಎಂದು ಮೈಕಿನಲ್ಲಿ ಕೂಗಿದ್ದೇನೆ. ಆ ಎರಡು ಹೆಸರಿನ ನಡುವೆ ಇಷ್ಟು ಗಾಳಿ ಇದೆ ಎಂದು ಗಮನಿಸಿರಲಿಲ್ಲ. ಭಟ್ಕಳದಲ್ಲಿ ಇಳಿದು ಆಟೋ ಹಿಡಿದೆವು.

ಅಕ್ಕನ ಅಂಗಳಕ್ಕೆ ಕಾಲಿಡುವ ಮೊದಲೇ ಅಡುಗೆಯ ಪರಿಮಳ ಎದುರುಗೊಂಡಿತು. ಬಂಗಡೆ ಮೀನು. ನಾಲಿಗೆ ಜುಮ್ಮೆನಿಸುವ ಜುಮ್ಮನಕಾಯಿ ಜಜ್ಜಿ ಹಾಕಿದ ಸಾರು, ಪಕ್ಕದ ಒಲೆಯಲ್ಲಿ ಹುರಿಯುವ ಸದ್ದು. ಹೆಂಡತಿ ನನ್ನ ಕೈ ಗಿಲ್ಲಿದಳು. ನಾನು ಒಳಗೆ ಓಡಿದೆ.

"ಅಕ್ಕ, ನಾ ಫೋನಲ್ಲಿ ಹೇಳ್ದೆ!"

"ಹೇಳ್ದೆ, ಕೇಳ್ದೆ. ನನ್ನ ಮನೆಯಲ್ಲಿ ನಿನ್ನ ಬಸ್ ಸ್ಟ್ಯಾಂಡಿನ ಕಾನೂನು ನಡೆಯೂದಿಲ್ಲ. ಬೇಡದಿದ್ರೆ ಅವಳೇ ಹೇಳ್ಲಿ. ಅವಳಿಗೆ ಬಾಯಿಲ್ವಾ?"

ತಟ್ಟೆ ಹಾಕಿದರು. ಅನ್ನ, ಸಾರು, ಅಂಚಿಗೆ ಕೆಂಪಗೆ ಹುರಿದ ಒಂದು ಇಡೀ ಬಂಗಡೆ. ಮಗಳು ಕೈಮುಗಿದು ಪ್ರಾರ್ಥನೆ ಹೇಳಿಕೊಂಡಳು. ಕಣ್ಣು ತೆರೆದಳು. ಮೀನನ್ನು ನೋಡಿದಳು. ಆಮೇಲೆ ಆಯಿಯ ಮುಖ ನೋಡಿದಳು.

"ಆಯಿ, ನಾ ತಿಂದ್ರೆ ನಿನ್ನ ಹರಕೆಗೆ ಎಂತಾ ಆಗೂದಿಲ್ವಾ?"

"ಯಾವ ಹರಕೆ?"

"ದೇವರ ಗೂಡಲ್ಲಿ ಅರಿಶಿನ ಬಟ್ಟೇಲಿ ಕಾಯಿ ಕಟ್ಟಿಟ್ಟಿದ್ಯಲ? ಮನೇಲಿ ಮೀನೂ ನಿಲ್ಸಿದ್ರಿ. ನಾ ತಿರುಗಿ ಹೋಗಬಾರದು ಅಂತ ಹೊತ್ಕಂಡದ್ದು ಅಲ್ವಾ?"

ನಮ್ಮಲ್ಲಿ ಹರಕೆಯ ಕಾಯಿ ಕಟ್ಟಿದವರನ್ನು ಎಂತಕ್ಕೆ ಎಂದು ಕೇಳುವ ಕ್ರಮವಿಲ್ಲ, ಕೇಳಿದರೆ ಫಲ ಕೆಡುತ್ತದಂತೆ. ಮಗಳು ಬೆಟ್ಟಕ್ಕೆ ಹೋಗಿಬಂದರೂ ಆ ಕ್ರಮ ಮರೆತಿರಲಿಲ್ಲ. ಹತ್ತು ದಿನ ತೊಂಡೆಕಾಯಿ ತಿಂದು ಬಾಯಿ ಮುಚ್ಚಿಕೊಂಡಿದ್ದಳು.

ಹೆಂಡತಿ ಹಣೆ ಚಚ್ಚಿಕೊಂಡಳು. "ಅಯ್ಯೋ, ಅದು ನಿನ್ನ ಅಪ್ಪನ ಕಣ್ಣಿನ ಪೊರೆ ಆಪರೇಷನ್ನಿಗೆ ಕಟ್ಟಿದ್ದು! ಆಪರೇಷನ್ ಆಗಿ ವರ್ಷ ಆತು. ಕಾಯಿ ಒಪ್ಪಿಸೂಕೆ ಹೋಗುವಾ ಅಂದ್ರೆ ಇವರಿಗೆ ಪುರಸೊತ್ತಿಲ್ಲ."

ಸಭೆಯ ದೃಷ್ಟಿ ನನ್ನ ಮೇಲೆ ತಿರುಗಿತು. ಪೊರೆ ತೆಗೆದ ಕಣ್ಣಿಂದ ನಾನು ಸೂರು ನೋಡಿದೆ.

"ಮತ್ತೆ ಮೀನು?" ಎಂದಳು ಮಗಳು.

"ನೀನೇ ಬಿಟ್ಟಿದೆ ಅಲ್ವೇನೇ? ನೆನಪೂ ಆಗೂದಿಲ್ಲ ಅಂದೆ."

"ನೀ ಬೇಜಾರು ಮಾಡ್ಕಂಬೂದು ಬೇಡ ಅಂತ ಹೇಳ್ದೆ, ಆಯಿ! ಅಲ್ಲಿ ಒಂದೊಂದು ದಿನ ಪ್ರಾರ್ಥನೆಗೆ ಕೂತ್ರೂ ಕಣ್ಣೆದುರಿಗೆ ಬಂಗಡೆ ಬರ್ತಿತ್ತು."

ಅಕ್ಕ ನಕ್ಕದ್ದಕ್ಕೆ ದೋಣಿಯ ಹತ್ತಿರ ಬಲೆ ಸರಿಮಾಡುತ್ತಿದ್ದವರೂ ತಿರುಗಿ ನೋಡಿದರು. ಮಗಳು ಮೀನು ಬಿಡಿಸಿದಳು. ಬೆರಳು ಎರಡು ವರ್ಷದ ಅಭ್ಯಾಸ ತಪ್ಪಿದ್ದನ್ನು ತೋರಿಸಲಿಲ್ಲ. ನಡುಮುಳ್ಳು ಇಡಿಯಾಗಿ ಎದ್ದು ಬಂತು. ಮೂರು ಬಂಗಡೆ ತಿಂದಳು. ನಾನು ಎಣಿಸಲಿಲ್ಲ, ಅಕ್ಕ ಎಣಿಸಿದಳು.

ನಾಲ್ಕನೆಯದನ್ನು ಬಡಿಸುತ್ತ, ನಾವು ಮನೆಯಲ್ಲಿ ಇಷ್ಟು ದಿನ ಸುತ್ತುಬಳಸಿದ್ದನ್ನು ಅಕ್ಕ ಸಾರಿನ ಸೌಟಿನಷ್ಟೇ ನೇರವಾಗಿ ಕೇಳಿದಳು. "ಈಗ ಹೇಳು ಕೂಸೇ. ಅಲ್ಲೇ ಇರ್ತ್ಯಾ, ಬರ್ತ್ಯಾ?"

ಹೆಂಡತಿಯ ತುತ್ತು ಅರ್ಧದಲ್ಲೇ ನಿಂತಿತು. ಮಗಳು ತಟ್ಟೆಯ ಅಂಚಿಗೆ ಮುಳ್ಳುಗಳನ್ನು ಸಾಲಾಗಿ ಇಡುತ್ತಿದ್ದಳು.

"ಅರ್ಜಿ ತಂದಿದೆ ಅತ್ತೆ. ಜೀವಮಾನಕ್ಕೆ ಬರೆದುಕೊಡೂದು. ಮನೇಲಿ ಕೂತು ಯೋಚ್ನೆ ಮಾಡುವಾ ಅಂತ ತಂದೆ. ಇಲ್ಲಿ ಬಂದ್ರೆ ಇವರೇ ನನಗಿಂತ ದೊಡ್ಡ ಸನ್ಯಾಸಿಗಳಾಗಿ ಕೂತಿದ್ರು. ಯಾವುದನ್ನ ಬಿಟ್ಟುಹೋಗ್ತೆ ಅಂತಲೇ ಗೊತ್ತಾಗ್ಲಿಲ್ಲ."

"ಈಗ ಗೊತ್ತಾತಾ?"

"ಆತು." ಕೊನೆಯ ಮುಳ್ಳನ್ನೂ ಸಾಲಿಗೆ ಸೇರಿಸಿ ಹೇಳಿದಳು, "ಸಹಿ ಹಾಕೂದಿಲ್ಲ. ಆದ್ರೆ ಈಗಲೇ ಬಿಟ್ಟು ಬರೂಕೂ ಆಗೂದಿಲ್ಲ. ಒಂಬತ್ತನೇ ಕ್ಲಾಸಲ್ಲಿ ಎಂಟು ಹುಡುಗಿಯರಿದಾರೆ. ಹತ್ತನೇ ಕ್ಲಾಸು ಪಾಸಾಗೂವರೆಗೆ ಇರ್ತೆ ಅಂತ ಮಾತು ಕೊಟ್ಟಿದೆ. ಅವರ ಊರಲ್ಲಿ ಅಷ್ಟು ಓದಿದ ಹುಡುಗಿ ಇನ್ನೂ ಒಬ್ಬಳೂ ಇಲ್ಲ. ಅದು ಮುಗಿಸಿ ಬರ್ತೆ."

"ಬಂದು ಎಂತಾ ಮಾಡ್ತೆ?"

"ಇಲ್ಲಿ ಶಾಲೆ ಇಲ್ವಾ ಅತ್ತೆ? ನಿಮ್ಮ ಓಣಿ ಮಕ್ಕಳಿಗೆಲ್ಲಾ ಗಣಿತ ಬರ್ತದ್ಯಾ?"

ಅಕ್ಕ ನ್ಯಾಯಾಧೀಶರಂತೆ ಒಂದು ಕ್ಷಣ ಯೋಚಿಸಿದಳು. "ನಮ್ಮ ಮೊಮ್ಮಕ್ಕಳಿಗಂತೂ ಬರೂದಿಲ್ಲ," ಎಂದು ತೀರ್ಪಿತ್ತಳು.

ಬಂಗಡೆಯಿಂದಲೇ ಕೂಸು ಉಳಿಯಿತು ಎಂದು ಅಕ್ಕ ಇಂದಿಗೂ ಭಟ್ಕಳ ತಾಲೂಕಿನಾದ್ಯಂತ ಹೇಳಿಕೊಂಡು ಬರುತ್ತಿದ್ದಾಳೆ. ಮಗಳನ್ನು ಕೇಳಿದರೆ ನಗುತ್ತಾಳೆ. ನಾನು ಹೆಚ್ಚು ಒತ್ತಾಯಿಸುವುದಿಲ್ಲ.

ಮರುದಿನ ಎಂಟೂವರೆಗೆ ನಾನೇ ತಿರುವಿಗೆ ಹೋಗಿ ಆಜ್ಞೆ ಹಿಂತೆಗೆದುಕೊಂಡೆ. "ಗುಣ ಆತ್ರಾ?" ಎಂದಳು ಮೀನಿನವಳು. ಆತು ಎಂದೆ. ಬೋರಲು ಬಿದ್ದ ಗಡಿಗೆ ನೆಟ್ಟಗಾಯಿತು, ಡಬ್ಬ ಅಟ್ಟದಿಂದ ಇಳಿದು ಬಂತು. ಬೆಕ್ಕು ಎರಡು ದಿನ ತಡೆದು, ಪರಿಸ್ಥಿತಿ ಖಚಿತಪಡಿಸಿಕೊಂಡು ಬಂತು. ಉಳಿದ ಹದಿನೈದು ದಿನ ಮಗಳು ಬೆಳಿಗ್ಗೆ ಸ್ತೋತ್ರವನ್ನೂ ಹೇಳಿದಳು, ಮಧ್ಯಾಹ್ನ ತಾರ್ಲೆ ಮೀನನ್ನೂ ತಿಂದಳು. ಎರಡಕ್ಕೂ ಜಗಳ ಇದ್ದಂತೆ ಕಾಣಲಿಲ್ಲ. ಹಾರನ್ ಆಟದಲ್ಲಿ ಹತ್ತಕ್ಕೆ ಆರು ಸರಿ ಹೇಳುವಷ್ಟಾದಳು.

ಜನವರಿಯಲ್ಲಿ ಕುಮಟೆ ಸ್ಟೇಷನ್ನಿಗೆ ಹೋಗಿ ಬಿಟ್ಟು ಬಂದೆವು. ಚೀಲದಲ್ಲಿ ಸಹಿಯಿಲ್ಲದ ಅರ್ಜಿ, ಆ ಎಂಟು ಹುಡುಗಿಯರಿಗೆಂದು ತೆಂಗಿನಕಾಯಿ ಮಿಠಾಯಿಯ ಡಬ್ಬ. ಒಣ ಸಿಗಡಿ ಕಟ್ಟಲು ಹೋದ ಆಯಿಯನ್ನು ಮಗಳೇ ತಡೆದಳು. ಆಶ್ರಮದ ಅಡುಗೆಮನೆಗೆ ಅಷ್ಟು ದೊಡ್ಡ ಪರೀಕ್ಷೆ ಒಡ್ಡುವುದು ಬೇಡ ಎಂದಳು.

ಮನೆಗೆ ಬಂದವಳೇ ಹೆಂಡತಿ ಒಳಗೆ ಹೋದಳು. ಕಾಲು ಗಂಟೆಯ ನಂತರ ನಾನು ಹೋಗಿ ನೋಡಿದಾಗ ದೇವರ ಗೂಡಿನಲ್ಲಿ ನನ್ನ ಕಣ್ಣಿನ ಕಾಯಿಯ ಪಕ್ಕ, ಹೊಸ ಅರಿಶಿನ ಬಟ್ಟೆಯಲ್ಲಿ ಇನ್ನೊಂದು ಕಾಯಿ. ಕ್ರಮಕ್ಕೆ ಕಟ್ಟುಬಿದ್ದು ನಾನು ಏನೂ ಕೇಳಲಿಲ್ಲ. ಆದರೆ ಕೇಳದೆ ಇದ್ದುದರಿಂದ ಆಗುವ ಅನಾಹುತವನ್ನು ಈ ಮನೆ ಆಗಲೇ ಕಂಡಿತ್ತು. ಹಾಗಾಗಿ ಅವಳೇ ಹೇಳಿಬಿಟ್ಟಳು.

"ಆ ಎಂಟು ಜನಕ್ಕೆ. ಎಂಟೂ ಒಂದೇ ಸಲಕ್ಕೆ ಪಾಸಾಗಬೇಕು. ಒಬ್ಬಳು ಫೇಲಾದ್ರೂ ಇವಳು ಮತ್ತೊಂದು ವರ್ಷ ಅಲ್ಲೇ ಕೂರ್ತಾಳೆ, ನಂಗೆ ಗೊತ್ತು."

ಮತ್ತೆ ದೀಪಕ್ಕೆ ಎಣ್ಣೆ ಹಾಕುತ್ತ ಕೇಳಿದಳು, "ಅವರ ಹೆಸರು ಎಂತಂತೆ? ಫೋನು ಮಾಡಿ ಕೇಳಿ ಬರೆದಿಡಿ. ಬರೀ ಎಂಟು ಅಂದ್ರೆ ದೇವರಿಗೆ ಹೇಗೆ ಗೊತ್ತಾಗಬೇಕು?"