ಆಕಿ ಬುದ್ಧಿಗೆ ಹಾಕಿದ ಸೊನ್ನಿ

ಧಾರವಾಡದಾಗ ಟ್ರೇನಿಂಗ್ ಮುಗಿಸಿಕೊಂಡು ಬಂದ ಮ್ಯಾಲ ನಮ್ಮ ಹೆಡ್ ಮಾಸ್ತರಗ ಮನುಷ್ಯಾರು ಕಾಣೂದು ಬಂದ್ ಆತು, ಬರೇ ಮನಸ್ಸು ಕಾಣಾಕತ್ತು. ಮೂವತ್ತರ ದಶಕದ ಕಡೀ ವರ್ಷಗಳು. ಶಿಗ್ಗಾಂವಿ ತಾಲೂಕಿನ ಒಂದು ಹಳ್ಳಿಯ ಕನ್ನಡ ಶಾಲ್ಯಾಗ ಅವ ದೊಡ್ಡ ಮಾಸ್ತರ, ನಾ ಟ್ರೇನಿಂಗ್ ಆಗದ ಸಣ್ಣ ಮಾಸ್ತರ. ಅವಗ 'ಅವರು' ಅನ್ನಬೇಕು ಖರೆ, ಬಾಯಿಗೆ ಬರವಲ್ದು. ಹುಡುಗರು ಆಕಳಿಸಿದ್ರ 'ಅವಧಾನ ಕಡಿಮಿ' ಅಂತಿದ್ದ, ಮಗ್ಗಿ ಮರತ್ರ 'ಸ್ಮೃತಿದೋಷ' ಅಂತಿದ್ದ. ಗಂಟಿ ಹೊಡದ ಕೂಡ್ಲೆ ಮಕ್ಕಳು ಮನಿಗೆ ಓಡೂದಕ್ಕ 'ಪ್ರಚೋದನೆ, ಪ್ರತಿಕ್ರಿಯೆ' ಅಂತ ಹೆಸರು. ಗಂಟಿ ಹೊಡಿಯೋ ಸಿಪಾಯಿಗೆ ಇದು ಇಪ್ಪತ್ತು ವರ್ಷದ ಹಿಂದನ ಗೊತ್ತಿತ್ತು; ಪಾಪ, ಅವಗ ಯಾರೂ ಸರ್ಟಿಫಿಕೇಟ್ ಕೊಟ್ಟಿರಲಿಲ್ಲ. ಪುಸ್ತಕದ ಬದನಿಕಾಯಿ ಅಂತಾರಲ್ಲ, ನಮ್ಮ ಪಂಡಿತ ಅದರ ಹೊಲಾನ ಹಚ್ಚಿದ್ದ.

ಅವನ ಕಡೆ ಬುದ್ಧಿ ಅಳಿಯೂದೊಂದು ಪುಸ್ತಕ ಇತ್ತು. ಪ್ರಶ್ನೆ ಕೇಳೂದು, ಮಾರ್ಕ್ಸ್ ಕೂಡಸೂದು, ಮೈಗೆ ಎಷ್ಟು ವರ್ಷ, ಬುದ್ಧಿಗೆ ಎಷ್ಟು ವರ್ಷ ಅಂತ ಬ್ಯಾರೆ ಬ್ಯಾರೆ ಬರಿಯೂದು. ಈ ದೌಲತ್ತಿಗೆ ಸಿಕ್ಕಾಕಿ ನಾಲ್ಕನೇ ಇಯತ್ತೆಯ ಒಬ್ಬ ಹುಡುಗಿ, ಹನ್ನೆರಡು ವರ್ಷದಾಕಿ. ಅವರಪ್ಪ ಒಕ್ಕಲತನದವ. ಮಗಳನ್ನ ಸವಣೂರಾಗ ಚಿಗವ್ವನ ಮನ್ಯಾಗ ಇಟ್ಟು ಮುಂದ ಓದಸೂದೋ, ರಟ್ಟೀಹಳ್ಳಿಯಿಂದ ಹೆಣ್ಣು ಕೇಳಾಕ ಬಂದ ಮನಿಗೆ ಕೊಡೂದೋ ಅಂತ ಎರಡು ಮನಸ್ಸಿನ್ಯಾಗ ಇದ್ದ. 'ನೀವು ಪರೀಕ್ಷಾ ಮಾಡಿ ಹೇಳ್ರಿ, ಹಂಗ ಮಾಡ್ತೇನಿ' ಅಂತ ಹೆಡ್ ಮಾಸ್ತರಗ ಬಿಟ್ಟ. ನಂಬೂದಕ್ಕೂ ಒಂದು ಮಿತಿ ಇರಬೇಕು.

ಪುಸ್ತಕದಾಗ ನಾಣ್ಯ ಎಣಸು ಅಂತ ಇತ್ತು. ಪಂಡಿತ 'ಹಳ್ಳಿ ಮಕ್ಕಳಿಗೆ ಹಳ್ಳಿ ಸಾಮಾನು' ಅಂತ ತನ್ನ ಶಾಣ್ಯಾತನ ಸೇರಿಸಿ, ಒಂದು ಬುಟ್ಟಿ ಜ್ವಾಳ, ಒಂದು ಸಣ್ಣ ಡಬ್ಬಿ ತರಿಸಿದ. 'ಎಷ್ಟು ಡಬ್ಬಿ ಆಗ್ತಾವ, ಅಳದು ಹೇಳು' ಅಂದ. ಹುಡುಗಿ ಚಕ್ಕಳಮಕ್ಕಳ ಹಾಕಿ ಕುಂತು, ಡಬ್ಬಿ ತುಂಬಿ, ಮ್ಯಾಲಿನ ಕಾಳು ಕೈಲೆ ಸವರಿ, 'ಲಾಭ' ಅಂತ ಸುರುವಿದ್ಲು. ಆಮ್ಯಾಲ ಎರಡು, ಮೂರು, ನಾಕು. ಹದಿಮೂರಕ್ಕ ಬುಟ್ಟಿ ಖಾಲಿ. ಒಂದು ಕಾಳು ಹೊರಗ ಬಿದ್ದಿರಲಿಲ್ಲ. ನಮ್ಮ ಕಡೆ ಕಣದಾಗ ಮೊದಲನೇ ಅಳತಿಗೆ ಒಂದು ಅನ್ನೂದಿಲ್ಲ, ಲಾಭ ಅಂತಾರ. ರಾಶಿ ಒಂದಕ್ಕ ನಿಂದ್ರಬಾರದು ಅಂತ. ನಮ್ಮವ್ವ ಹಂಗ ಅಳೀತಿದ್ಲು. ಹಾನಗಲ್ಲ ಕಡೆ ಹೆಡ್ ಮಾಸ್ತರನ ಅವ್ವನೂ ಹಂಗ ಅಳದಿರಬೇಕು.

'ಒಂದು ಬಿಟ್ಲು, ಸೊನ್ನಿ ಹಾಕ್ರಿ' ಅಂದ ಪಂಡಿತ, ಮಾರ್ಕ್ಸ್ ಬರಕೋತ ಕುಂತ ನನಗ.

'ಲಾಭ ಅಂದ್ಲಲ್ರಿ' ಅಂದೆ ನಾ.

'ನನಗ ಗೊತ್ತೈತ್ರಿ. ಶಾಸ್ತ್ರಕ್ಕ ಗೊತ್ತಿಲ್ಲ.'

ಆಮ್ಯಾಲ ಆಕಿಗೆ 'ಈಗ ಒಂದರಿಂದ ಶುರು ಮಾಡು' ಅಂದ. ಹುಡುಗಿ ಡಬ್ಬಿ ಕೆಳಗಿಟ್ಲು. 'ಮೊದಲನೇ ಅಳತಿಗೆ ಹಂಗ ಅನಬಾರದ್ರಿ ಮಾಸ್ತರ, ಕಾಳಿಗೆ ಒಳ್ಳೇದಲ್ಲ' ಅಂದ್ಲು. ಹೇಳಿದ್ದು ತಿಳಿಯೋ ಶಕ್ತಿ ಇಲ್ಲ ಅಂತ ಅದಕ್ಕ ಇನ್ನೊಂದು ಸೊನ್ನಿ.

ಪೆನ್ಸಿಲ್ ನನ್ನ ಕೈಯಾಗಿತ್ತು. ಮುಂದಿನ ವರ್ಷ ಟ್ರೇನಿಂಗಿಗೆ ನನ್ನ ಹೆಸರು ಕಳಸೂದು ಅವನ ಕೈಯಾಗಿತ್ತು. ಎರಡೂ ಸೊನ್ನಿ ದುಂಡಗ, ಚಂದಾಗಿ ಬರದೆ. ಇಷ್ಟೊತ್ತನ ಅವನ್ನ ಬೈದೆ, ಅವ ಬೈಸಿಕೊಳ್ಳೂವಂಥವನ. ಆದ್ರ ಆ ಮೂರ್ಖಗ ತನ್ನ ಪುಸ್ತಕದ ಮ್ಯಾಲ ವಿಶ್ವಾಸರ ಇತ್ತು, ನನಗ ಅದೂ ಇರಲಿಲ್ಲ. ನಾಚಿಕಿಗೇಡಿ ಯಾರು ಅಂತ ಕೇಳಿದ್ರ ನಾ ಅವನ ಹೆಸರು ಹೇಳಾಂಗಿಲ್ಲ.

ಸಂಜೀಕ ಅವರಪ್ಪ ಬಂದ. 'ನಿಮ್ಮ ಮಗಳ ಬುದ್ಧಿಗೆ ಏಳ ವರ್ಷ' ಅಂತ ಹೆಡ್ ಮಾಸ್ತರ, ಜ್ವರ ನೋಡಿದ ಡಾಕ್ಟರನಂಗ ಹೇಳಿದ. ಅವರಪ್ಪ ರುಮಾಲು ತಗದು ತೊಡಿ ಮ್ಯಾಲ ಇಟ್ಟುಕೊಂಡ.

'ನಮ್ಮ ರಾಶಿ ಅಳಿಯಾಕಿ ಆಕೀನರಿ. ಏಳು ವರ್ಷದ ಬುದ್ಧೀಲೆ ಹೆಂಗ ಅಳಿತಾಳ್ರಿ?'

'ಅದು ರೂಢಿ, ಇದು ಬುದ್ಧಿ' ಅಂದ ಪಂಡಿತ.

ಆ ಮನುಷ್ಯ ನನ್ನ ಕಡೆ ತಿರುಗಿ, 'ನೀವರ ಹೇಳ್ರಿ ಮಾಸ್ತರ' ಅಂದ. 'ಶಾಸ್ತ್ರ ಹಂಗ ಹೇಳತೈತ್ರಿ' ಅಂದೆ. ಮರುದಿನ ರಟ್ಟೀಹಳ್ಳಿಯವರಿಗೆ ಆಗಲಿ ಅಂತ ಹೇಳಿ ಕಳಿಸಿದ್ರು.

ಒಂದು ವಾರ ಬಿಟ್ಟು ಹುಡುಗಿ ತನ್ನ ಪಾಟಿ ಒಯ್ಯಾಕ ಶಾಲಿಗೆ ಬಂದ್ಲು. ಹೆಡ್ ಮಾಸ್ತರ ಇರಲಿಲ್ಲ. ಪಾಟಿ ಬಗಲಾಗ ಹಿಡಕೊಂಡು, 'ನನಗ ಬುದ್ಧಿ ಇಲ್ಲಂತ ದೊಡ್ಡ ಮಾಸ್ತರು ಅಂದ್ರಂತ. ಅವರು ಏನರ ಅಂತಾರ, ಬಿಡ್ರಿ. ನೀವು ಹೇಳ್ರಿ, ಖರೇನೇನ್ರಿ?' ಅಂತ ನಗಕೋತನ ಕೇಳಿದ್ಲು.

ಹೇಳಬಹುದಿತ್ತು. ಕೇಳಿಸಿಕೊಳ್ಳೂವರು ಅಲ್ಲಿ ಯಾರೂ ಇರಲಿಲ್ಲ. ಆದ್ರ ಖರೆ ಹೇಳಿದ್ರ, ಮೊನ್ನೆ ಅಪ್ಪನ ಮುಂದ ಯಾಕ ಸುಳ್ಳು ಹೇಳಿದ್ರಿ ಅಂತ ಆಕಿ ಕೇಳೂವಾಕಿ. ಅಷ್ಟು ಬುದ್ಧಿ ಆಕಿಗಿತ್ತು.

'ಎಲ್ಲಾರ ತಲಿಗೂ ಓದು ಹತ್ತೂದಿಲ್ಲ ತಂಗಿ' ಅಂದೆ.

ಆಕಿ ನಗೂದು ಬಿಟ್ಲು. ದೊಡ್ಡ ಮಾಸ್ತರನ ಮಾತು ಆಕಿ ನಂಬಿರಲಿಲ್ಲ. ನನ್ನ ಮಾತು ನಂಬಿದ್ಲು.