ಫ್ಯೂಸಿನ ಜಾಗದಲ್ಲಿದ್ದ ತಂತಿ

ಪಾರ್ಶ್ವವಾಯು ಬಡಿದು ಅಪ್ಪಾಜಿಯ ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತೂ ಹೆಚ್ಚುಕಡಿಮೆ ನಿಂತಿತು. ಅವರು ನಲವತ್ತು ವರ್ಷ ಓಡಿಸಿ, ತಾವೇ ರಿಪೇರಿ ಮಾಡಿಕೊಂಡು ಬಂದಿದ್ದ ಕಾರು ಹಾಗೆ ನನ್ನ ಕೈಗೆ ಬಂತು. ವಾರಕ್ಕೆರಡು ಸಲ ಹರಿಹರದಿಂದ ದಾವಣಗೆರೆಗೆ ಅವರನ್ನು ಚಿಕಿತ್ಸೆಗೆ ಕರೆದುಕೊಂಡು ಹೋಗುತ್ತಿದ್ದೆ. ಬೇರೆ ಗಾಡಿ ತಂದರೆ ಅವರು ಹತ್ತುತ್ತಿರಲಿಲ್ಲ.

ಆ ಬೆಳಿಗ್ಗೆ ಜಿಟಿಜಿಟಿ ಮಳೆ. ವೈಪರ್, ದೀಪ ಎರಡೂ ಹಾಕಿದ್ದೆ. ಹೆದ್ದಾರಿಗೆ ಬಂದು ಸ್ವಲ್ಪ ಹೊತ್ತಿಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಹಿಂದೆಯೇ ಅಪ್ಪಾಜಿಯ ಮೊಣಕಾಲಿನ ಹತ್ತಿರ, ಫ್ಯೂಸ್ ಪೆಟ್ಟಿಗೆಯಿಂದ ಹೊಗೆ ಎದ್ದಿತು. ಪಕ್ಕಕ್ಕೆ ನಿಲ್ಲಿಸಿ ಕೀಲಿ ತಿರುಗಿಸಿದೆ. ಎಂಜಿನ್ ನಿಂತರೂ ಹೊಗೆ ನಿಲ್ಲಲಿಲ್ಲ.

ಆ ಕಡೆ ಓಡಿ ಬಾಗಿಲು ತೆಗೆದು ಅವರ ಕಂಕುಳಿಗೆ ಕೈ ಹಾಕಿ ಎಳೆದೆ. ಅಷ್ಟು ಭಾರದ ದೇಹ ಅಲುಗಲಿಲ್ಲ. ಅವರು ಎಡಗೈಯಿಂದ ನನ್ನನ್ನು ದೂಡಿದರು. ತುಟಿ ಒದ್ದಾಡಿ, ಒಂದು ಮಾತು ಹೊರಬಂತು.

"ಬ್ಯಾಟ್ರಿ."

ಅವರನ್ನು ಹೊಗೆಯಲ್ಲೇ ಬಿಟ್ಟು ಬಾನೆಟ್ ಎತ್ತಿದೆ. ಬ್ಯಾಟರಿಯ ತುದಿಗೆ ಹಸಿರು ಕಿಲುಬು ಹೂವಿನಂತೆ ಕಟ್ಟಿತ್ತು. ದುಪಟ್ಟಾ ಸುತ್ತಿ ಹಿಡಿದರೂ ಕೈ ಚುರುಗುಟ್ಟಿತು. ತಿರುಚಿದೆ, ಜಗ್ಗಿದೆ, ಮೂರನೆಯ ಸಲಕ್ಕೆ ಕೇಬಲ್ ಕಿತ್ತುಬಂತು. ತಿರುಗಿ ಬಂದಾಗ ಹೊಗೆ ತೆಳ್ಳಗಾಗಿತ್ತು. ಅಪ್ಪಾಜಿ ಕೆಮ್ಮುತ್ತಿದ್ದರು.

ಮಲೆಬೆನ್ನೂರಿನಿಂದ ಭತ್ತ ತರುತ್ತಿದ್ದ ಟ್ರ್ಯಾಕ್ಟರಿನವರು ಹಗ್ಗ ಕಟ್ಟಿ ನಮ್ಮನ್ನು ದಾವಣಗೆರೆಯ ಮಂಡಿಪೇಟೆ ಹತ್ತಿರದ ಎಲೆಕ್ಟ್ರಿಷಿಯನ್ ಅಂಗಡಿಯವರೆಗೆ ಎಳೆದು ತಂದರು. ಅಲ್ಲಿನ ಸಾಹೇಬರು ಅಪ್ಪಾಜಿಗೆ ಹಳೆಯ ಪರಿಚಯ. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಚಹಾ ತರಿಸಿ, ಫ್ಯೂಸ್ ಪೆಟ್ಟಿಗೆ ಬಿಚ್ಚಿದರು. ಫ್ಯೂಸ್ ಕೂರುವ ಹಿತ್ತಾಳೆ ಹಿಡಿಕೆ ಕಿಲುಬು ಹಿಡಿದು ಕಾದಿದೆ, ಅದಕ್ಕೇ ಫ್ಯೂಸ್ ಪದೇ ಪದೇ ಹೋಗಿರಬೇಕು ಎಂದರು. ಆಮೇಲೆ ಇಕ್ಕಳದಲ್ಲಿ ಒಂದು ಕಪ್ಪು ತಾಮ್ರದ ತಂತಿಯನ್ನು ಎತ್ತಿ ಹಿಡಿದರು.

"ಫ್ಯೂಸ್ ಜಾಗದಾಗ ಇದನ್ನ ಸುತ್ಯಾರೆ. ಯಜಮಾನ್ರೆ, ನೀವಾ ಹಿಂಗ್ ಮಾಡೋದು?"

ಅಪ್ಪಾಜಿ ಕೆಳಗೆ ನೋಡಿದರು. ತಲೆ ಆಡಿಸಲಿಲ್ಲ, ಇಲ್ಲ ಎನ್ನಲೂ ಇಲ್ಲ. ನಾನು ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನಾನೇ ಬಾಯಿ ಬಿಟ್ಟೆ.

"ನಾನ ಹಾಕಿದ್ದು. ದಿನಾ ಫ್ಯೂಸ್ ಹೋಗತಿತ್ತು, ಬ್ಯಾಸರಾಗಿ..."

ಸಾಹೇಬರು ಬೈಯಲಿಲ್ಲ. ಇನ್ನೊಂದು ಐದು ನಿಮಿಷ ಬಿಟ್ಟಿದ್ದರೆ ಸೀಟಿಗೂ ಬೆಂಕಿ ಹತ್ತುತ್ತಿತ್ತು ಎಂದಷ್ಟೇ ಹೇಳಿ, ಸುಟ್ಟ ವೈರುಗಳನ್ನು ಕತ್ತರಿಸತೊಡಗಿದರು. ಹೊಸ ವೈರು, ಹೊಸ ಪೆಟ್ಟಿಗೆ ಬಂದವು. ಬ್ಯಾಟರಿಗೆ ಕೇಬಲ್ ಕಚ್ಚಿಸುವ ಸೀಸದ ಹಿಡಿಕೆಗಳು ಮಾತ್ರ ಗಟ್ಟಿಯಾಗಿದ್ದವು, ಉಜ್ಜಿದರೆ ಸಾಕಿತ್ತು.

ಅಪ್ಪಾಜಿ ಎಡಗೈ ಚಾಚಿದರು. ಏನು ಬೇಕೆಂದು ನನಗೆ ತಿಳಿಯಲಿಲ್ಲ. ಸಾಹೇಬರಿಗೆ ತಿಳಿಯಿತು. ಉಪ್ಪುಕಾಗದದ ತುಂಡನ್ನು ಅವರ ಕೈಗೂ ಒಂದು ಹಿಡಿಕೆಯನ್ನು ನನ್ನ ಕೈಗೂ ಕೊಟ್ಟು, ಅದನ್ನು ಅವರ ಮುಂದೆ ಹಿಡಿಯಲು ಹೇಳಿದರು. ನಾನು ಹಿಡಿದುಕೊಂಡೆ, ಅಪ್ಪಾಜಿ ಉಜ್ಜಿದರು. ಸೀಸ ಹೊಳೆಯುವವರೆಗೂ ಬಿಡಲಿಲ್ಲ. ಅಷ್ಟು ಹೊತ್ತೂ ಅವರು ನನ್ನ ಮುಖ ನೋಡಲಿಲ್ಲ.

ಹಿಂದಿರುಗುವಾಗ ಎರಡು ಕಡೆ ಕಾರು ನಿಲ್ಲಿಸಿ ಪೆಟ್ಟಿಗೆ ಮುಟ್ಟಿ ನೋಡಿದೆ. ತಣ್ಣಗಿತ್ತು. ಎರಡನೆಯ ಸಲ ನಿಲ್ಲಿಸಿದಾಗ ಅಪ್ಪಾಜಿ ನನ್ನ ಮಣಿಕಟ್ಟನ್ನು ಹಿಡಿದು, ಸ್ಟೀರಿಂಗಿನ ಮೇಲೆ ಇಟ್ಟರು.

"ನಡಿ," ಎಂದರು.