ಪ್ರಾರ್ಥನೆಗೋಸ್ಕರ ಹೇಳ್ತಿದ್ದೀನಿ

ಅರಸೀಕೆರೆಯ ನಮ್ಮ ಚರ್ಚಿನ ಸಭೆಯಲ್ಲಿ ಚಾಡಿ ಹೇಳುವವರು ಯಾರೂ ಇಲ್ಲ. ಬೇಕಾದರೆ ಕೇಳಿ ನೋಡಿ, ಎದೆ ಮುಟ್ಟಿಕೊಂಡು ಹೇಳುತ್ತಾರೆ. ಇನ್ನೊಬ್ಬರ ಮನೆಯ ಮಾತು ಬಾಯಿಗೆ ಬಂದರೆ ಹಿಂದೆಯೇ ‘ಪ್ರಾರ್ಥನೆಗೋಸ್ಕರ ಹೇಳ್ತಿದ್ದೀನಿ’ ಎಂದು ಸೇರಿಸಿಬಿಡುತ್ತಾರೆ. ಅಲ್ಲಿಗೆ ಆ ಮಾತು ಮಡಿಯಾಯಿತು. ಯಾರ ಮಗ ಕುಡಿಯುತ್ತಾನೆ, ಯಾರ ಸೊಸೆ ತವರಿಗೆ ಹೋಗಿ ಕೂತಿದ್ದಾಳೆ, ಎಲ್ಲವೂ ಹೀಗೆ ಮಡಿಯುಟ್ಟುಕೊಂಡೇ ನಮ್ಮ ಕಿವಿಗೆ ಬಿದ್ದಿದೆ. ಈಗ ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ನನ್ನ ಗಂಡನ ತಂಗಿ ನಮ್ಮ ಜೊತೆಯಲ್ಲೇ ಇದ್ದಾಳೆ. ಹತ್ತಿರದ ಗಂಡಸಿ ಊರಿನ ಶಾಲೆಯೊಂದರಲ್ಲಿ ಟೀಚರು. ಚಿಕ್ಕಂದಿನಿಂದ ಅವಳಿಗೆ ಫಿಟ್ಸ್ ಬರುತ್ತದೆ. ಮಾತ್ರೆ ತಪ್ಪಿಸದಿದ್ದರೆ ಎಷ್ಟೋ ಕಾಲ ಅದರ ಸುಳಿವೇ ಇರುವುದಿಲ್ಲ. ಅವಳಿಗೆ ಬೇಲೂರಿನಿಂದ ಒಂದು ಸಂಬಂಧ ಬಂತು. ಅವರದೂ ಸಭೆಗೆ ಹೋಗುವ ಮನೆ, ಹುಡುಗ ಸಂಭಾವಿತ. ಭಾನುವಾರ ಆರಾಧನೆ ಮುಗಿಸಿಕೊಂಡು ಎರಡೂ ಮನೆಯವರು ಹಳೇಬೀಡಿನಲ್ಲಿ ಸೇರುವುದೆಂದು ಮಾತಾಯಿತು.

“ಫಿಟ್ಸ್ ವಿಷಯ ಅಣ್ಣ ಹೇಳೋದು ಬೇಡ, ನೀವೂ ಬೇಡ ಅತ್ತಿಗೆ. ಅವರಿಗೆ ನಾನೇ ಹೇಳ್ತೀನಿ. ನನ್ನ ಬಾಯಿಂದ ಕೇಳಿದ್ಮೇಲೆ ಬೇಡ ಅಂದ್ರೆ ಅನ್ಲಿ,” ಎಂದಳು ನಾದಿನಿ.

ಹಾಗೆ ಹೇಳುವುದಕ್ಕೆ ಧೈರ್ಯ ಬೇಕಲ್ಲ. ಸ್ತ್ರೀಯರ ಕೂಟ ನಡೆಸುವ ಹಿರಿಯರೊಬ್ಬರಿದ್ದಾರೆ, ನಾವೆಲ್ಲ ಅವರನ್ನು ಆಂಟಿ ಅನ್ನುತ್ತೇವೆ. ನಾದಿನಿ ಅವರಲ್ಲಿ ಮಾತ್ರ ಎಲ್ಲ ಹೇಳಿಕೊಂಡು, ಯಾರಿಗೂ ಹೇಳಬೇಡಿ, ನನಗಾಗಿ ಪ್ರಾರ್ಥಿಸಿ ಎಂದು ಕೇಳಿಕೊಂಡಳು. ಆಂಟಿ ಅವಳ ತಲೆಯ ಮೇಲೆ ಕೈಯಿಟ್ಟು, “ನನ್ನಲ್ಲೇ ಇರುತ್ತೆ ಕಣಮ್ಮ,” ಎಂದರಂತೆ.

ಬುಧವಾರ ಕೂಟ. ನಾದಿನಿ ಶಾಲೆಗೆ ಹೋಗಿದ್ದಳು, ನಾನಿದ್ದೆ. ಎಲ್ಲರೂ ಕಣ್ಣು ಮುಚ್ಚಿದ್ದೆವು. ಆಂಟಿ ಶುರುಮಾಡಿದರು. “ಕರ್ತನೇ, ಹೆಸರು ಹೇಳೋದಿಲ್ಲ, ನಿನಗೆ ಗೊತ್ತಿದೆ. ದಿನಾ ಗಂಡಸಿ ಬಸ್ಸಿಗೆ ಹೋಗೋ ನಿನ್ನ ಮಗಳು, ಅಣ್ಣನ ಮನೆಯಲ್ಲಿರೋಳು. ಬೇಲೂರಿನವರು ನೋಡೋಕೆ ಬರ್ತಿದ್ದಾರೆ ತಂದೆಯೇ. ಆ ಮೂರ್ಛೆ ಕಾಯಿಲೇನ ಬೇರು ಸಮೇತ ಕಿತ್ತುಹಾಕು ಸ್ವಾಮಿ.”

ಒಂದೊಂದು ಮಾತಿಗೂ ಸುತ್ತಲಿಂದ ‘ಸ್ತೋತ್ರ, ಸ್ತೋತ್ರ’. ದೇವರಿಗೆ ಬಸ್ಸಿನ ವಿವರ ಬೇಕಿತ್ತೇ? ಹೆಸರೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಒದರಿದ್ದು ಯಾರಿಗೆ ಕೇಳಲೆಂದು? ಸಂತೆಯಲ್ಲಿ ಯಾರಾದರೂ ಹೀಗೆ ಮಾತಾಡಿದರೆ ಬಾಯಿ ಮುಚ್ರೀ ಅನ್ನಬಹುದು. ಪ್ರಾರ್ಥನೆಯ ನಡುವೆ ಹಾಗನ್ನುವುದು ಹೇಗೆ? ನಾನು ಕಣ್ಣು ತೆರೆದೆ. ಆಗಲೇ ಕಣ್ಣು ತೆರೆದಿದ್ದ ಒಂದಿಬ್ಬರು ನನ್ನನ್ನೇ ನೋಡುತ್ತಿದ್ದರು.

ಕೂಟ ಮುಗಿದ ಮೇಲೆ ಆಂಟಿಯನ್ನು ಪಕ್ಕಕ್ಕೆ ಕರೆದು ಕೇಳಿದೆ. “ನಾನೆಲ್ಲಮ್ಮ ಯಾರಿಗಾದ್ರೂ ಹೇಳ್ದೆ? ದೇವರಿಗೆ ತಾನೇ ಹೇಳಿದ್ದು,” ಎಂದರು. ಅವರ ಮುಖದಲ್ಲಿ ಕಪಟವೇನೂ ಕಾಣಲಿಲ್ಲ. ಅದು ನನ್ನನ್ನು ಇನ್ನಷ್ಟು ಕೆರಳಿಸಿತು.

ಕೂಟದಲ್ಲಿದ್ದ ಒಬ್ಬಾಕೆಯ ತವರು ಬೇಲೂರು. ಆಕೆ ತಾಯಿಗೆ ಫೋನ್ ಮಾಡಿ ಹೇಳಿದಳು, ಪ್ರಾರ್ಥನೆಗೋಸ್ಕರ. ತಾಯಿ ಅಲ್ಲಿಯ ಸಭೆಯ ವಾಟ್ಸಾಪ್ ಗುಂಪಿಗೆ ಹಾಕಿದರು, ಅದೂ ಪ್ರಾರ್ಥನೆಗೋಸ್ಕರ. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ಇದೆಲ್ಲ ನಮಗೆ ತಿಳಿದದ್ದು ಆಮೇಲೆ.

ಭಾನುವಾರ ಹಳೇಬೀಡಿನ ಬಸ್ಸಿನಲ್ಲಿ ನಾದಿನಿ ಕಿಟಕಿಯ ಕಡೆ ತಿರುಗಿ ತುಟಿ ಅಲುಗಿಸುತ್ತಲೇ ಇದ್ದಳು, ಹೇಳಬೇಕಾದದ್ದನ್ನು ಒಪ್ಪಿಸಿಕೊಳ್ಳುತ್ತಿದ್ದಳು. ದೇವಸ್ಥಾನದ ಮುಂದಿನ ಹುಲ್ಲುಹಾಸಿನಲ್ಲಿ ಅವರು ಕಾದಿದ್ದರು. ನಾವು ಕೂರುವ ಮೊದಲೇ ಹುಡುಗನ ತಾಯಿ, “ಕಾಯಿಲೆ ಐತೆ ಅಂತ ಊರಿಗೆಲ್ಲ ಗೊತ್ತು. ನಮ್ಮತ್ರ ಮಾತ್ರ ಮುಚ್ಚಿಟ್ರಲ್ಲ,” ಎಂದರು.

“ಇವತ್ತು ನಾನೇ ಹೇಳೋಣ ಅಂತ ಬಂದೆ,” ಎಂದಳು ನಾದಿನಿ.

“ಈಗ ಇನ್ನೇನಂತೀಯಮ್ಮ, ಹಂಗೇ ಅನ್ಬೇಕು.”

ಹುಡುಗ ತಲೆ ಎತ್ತಲಿಲ್ಲ. ಕಾಯಿಲೆಯ ಕಾರಣಕ್ಕೆ ಬೇಡ ಅಂದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ನಿಜ ಹೇಳುವುದಕ್ಕೆಂದು ಬಂದವಳನ್ನು ಸುಳ್ಳುಗಾರ್ತಿಯೆಂದು ವಾಪಸು ಕಳಿಸಿದರು.

ಮಾರನೆಯ ದಿನ ಆಂಟಿ ಸಮಾಧಾನ ಹೇಳಲು ಬಂದರು. “ದೇವರ ಚಿತ್ತ ಇರ್ಲಿಲ್ಲ ಬಿಡಮ್ಮ,” ಎಂದರು. “ದೇವರ ತಲೆಗೆ ಕಟ್ಟಬೇಡಿ ಆಂಟಿ, ಇದು ನಿಮ್ಮ ನಾಲಿಗೆ ಮಾಡಿದ ಕೆಲಸ,” ಎಂದೆ. ಅವರು ಅಳುತ್ತಾ ಹೋದರು. ಸಂಜೆಗೆ ಸಭಾಪಾಲಕರು ಮನೆಗೆ ಬಂದರು, ಬುದ್ಧಿ ಹೇಳಲು. ಆಂಟಿಗಲ್ಲ, ನನಗೆ.

“ನಿಮ್ಮ ಹೃದಯ ಕಾಪಾಡಿಕೊಳ್ಳಿ. ಅದರಲ್ಲಿ ಕಹಿ ಬೇರೂರಬಾರದು,” ಎಂದರು.

“ನಾನು ಹೃದಯ ಕಾಪಾಡ್ಕೋತೀನಿ ಅಯ್ಯನೋರೇ. ಅವರಿಗೆ ಬಾಯಿ ಕಾಪಾಡ್ಕೊಳ್ಳಿ ಅಂತ ಯಾರು ಹೇಳ್ತಾರೆ?”

“ಅವರ ಉದ್ದೇಶ ಒಳ್ಳೇದಿತ್ತು,” ಎಂದು ಕಾಫಿ ಕುಡಿದು ಹೋದರು. ಈಗ ಕೂಟದಲ್ಲಿ ನನ್ನ ಸಿಟ್ಟಿಗೂ ಪ್ರಾರ್ಥನೆ ನಡೆಯುತ್ತಿದೆಯಂತೆ, ಹೆಸರು ಹೇಳದೆ.

ನಾದಿನಿ ಯಾರ ಮೇಲೂ ರೇಗಲಿಲ್ಲ. ಸಭೆಗೆ ಬರುತ್ತಾಳೆ, ಹಾಡುತ್ತಾಳೆ, ಮನೆಯಲ್ಲಿ ನನ್ನ ಜೊತೆ ನಗುತ್ತಾಳೆ ಕೂಡ. ಕಳೆದ ವಾರ ಊಟಕ್ಕೆ ಕೂತಾಗ ಸಾರು ತಾಕಿದ್ದೇ ಮುಖ ಕಿವುಚಿ, ಬೇಡವೆಂದು ತಟ್ಟೆ ಸರಿಸಿದಳು. ಬಾಯಿ ತೆರೆಸಿ ನೋಡಿದೆ. ನಾಲಿಗೆಯ ಅಂಚು ಕಚ್ಚಿಹೋಗಿ ಗಾಯವಾಗಿತ್ತು. ಶಾಲೆಯಲ್ಲಿ ಫಿಟ್ಸ್ ಬಂದು ಮೂರ್ನಾಲ್ಕು ದಿನವಾಗಿತ್ತಂತೆ.

“ನನಗಾದ್ರೂ ಯಾಕೆ ಹೇಳ್ಲಿಲ್ಲ ಕಣೇ?” ಎಂದೆ.

ಅವಳು ಮೊಸರನ್ನ ಕಲಸಿಕೊಳ್ಳುತ್ತಾ, “ನೀವೂ ಪ್ರಾರ್ಥನೆ ಮಾಡ್ತೀರಲ್ಲ ಅತ್ತಿಗೆ,” ಎಂದಳು.